ಇಂಗಾಲದ ನೆರೆಹೊರೆ: ಕ್ಷ-ಕಿರಣ ರೋಹಿತದ ಒಂದು ಪಾಠ

ಧಾತುಗಳ ಸಮೂಹದಲ್ಲಿ ಇಂಗಾಲದಷ್ಟು ವೇಷಗಳನ್ನು ಧರಿಸಬಲ್ಲ ಧಾತು ಮತ್ತೊಂದು ಸಿಗುವುದು ದುರ್ಲಭ. ಹಣತೆಯ ಮೇಲೆ ಹಿಡಿದ ತಟ್ಟೆಗೆ ಮೆತ್ತುವ ಕಾಡಿಗೆ ಇಂಗಾಲ. ಕಮ್ಮಾರನ ಕುಲುಮೆಯ ಇದ್ದಿಲು ಇಂಗಾಲ. ರೂಢಿಯಲ್ಲಿ ‘ಸೀಸದ ಕಡ್ಡಿ’ ಎನಿಸಿಕೊಂಡರೂ ಸೀಸದ ಲವಲೇಶವೂ ಇಲ್ಲದ ಪೆನ್ಸಿಲ್ಲಿನ ಒಳಗೆ ಜೇಡಿಯೊಡನೆ ಬೆರೆತಿರುವ ಗ್ರಾಫೈಟು ಇಂಗಾಲ. ಅರಸರ ಕಿರೀಟದಲ್ಲಿ ಮೆರೆದ ವಜ್ರವೂ ಇಂಗಾಲವೇ. ವಜ್ರವು ಕೇವಲ ಇಂಗಾಲವೆಂಬುದನ್ನು 1797ರಲ್ಲಿ ಸ್ಮಿತ್‌ಸನ್ ಟೆನೆಂಟ್ ಎಂಬ ಆಂಗ್ಲ ರಸಾಯನಜ್ಞನು ಸಿದ್ಧಪಡಿಸಿ ತೋರಿಸಿದನು. ಅವನು ವಜ್ರವನ್ನು ಸುಟ್ಟು, ಹುಟ್ಟಿದ ಅನಿಲವನ್ನು ಅಳೆದನು. ಅಷ್ಟೇ ತೂಕದ ಇದ್ದಿಲು ಕೊಡುವಷ್ಟೇ ಅನಿಲ ಅದರಿಂದಲೂ ದೊರೆಯಿತು.

ಪ್ರಯೋಗವೇನೋ ಸೊಗಸಾದುದೇ. ಆದರೆ ಅದರಲ್ಲಿ ಒಂದು ತೊಡಕಿದೆ. ಸುಟ್ಟಮೇಲೆ ವಜ್ರವೂ ಇಲ್ಲ, ಇದ್ದಿಲೂ ಇಲ್ಲ. ಎರಡೂ ಒಂದೇ ಇಂಗಾಲದ ಡೈಆಕ್ಸೈಡು. ಇವೆರಡರ ನಡುವಣ ವ್ಯತ್ಯಾಸವೇನೆಂಬ ಪ್ರಶ್ನೆಯೇ ಅನಿಲದೊಡನೆ ಹಾರಿಹೋಯಿತು. ಪರಮಾಣು ಒಂದೇ ಆಗಿರುವಾಗ ಭೇದವಿರುವುದು ಅದರ ನೆರೆಹೊರೆಯಲ್ಲಿ. ವಜ್ರದಲ್ಲಿ ಪ್ರತಿಯೊಂದು ಇಂಗಾಲದ ಪರಮಾಣುವೂ ನಾಲ್ಕು ದಿಕ್ಕಿನಲ್ಲಿ ನಾಲ್ಕು ನೆರೆಯ ಪರಮಾಣುಗಳನ್ನು 0.154 ನ್ಯಾನೊಮೀಟರ್ ದೂರದಲ್ಲಿ ಹಿಡಿದುಕೊಂಡಿದೆ. ಗ್ರಾಫೈಟಿನಲ್ಲಿ ಒಂದೇ ಸಮತಲದಲ್ಲಿ ಮೂರು ನೆರೆಗಳು, 0.142 ನ್ಯಾನೊಮೀಟರ್ ದೂರದಲ್ಲಿ. ನಾಲ್ಕನೆಯ ಎಲೆಕ್ಟ್ರಾನು ಆ ಪದರದ ಮೇಲೂ ಕೆಳಗೂ ಹರಡಿಕೊಂಡು, ವಿದ್ಯುತ್ತನ್ನು ಒಯ್ಯುತ್ತದೆ. ಪದರಕ್ಕೂ ಪದರಕ್ಕೂ 0.335 ನ್ಯಾನೊಮೀಟರ್ ಅಂತರ. ಆದುದರಿಂದಲೇ ಕಾಗದದ ಮೇಲೆ ಉಜ್ಜಿದಾಗ ಪದರಗಳು ಜಾರಿ ಅಕ್ಷರವಾಗುತ್ತವೆ. ವಸ್ತುವನ್ನು ಸುಡದೆ, ಕರಗಿಸದೆ, ಈ ನೆರೆಹೊರೆಯನ್ನು ಅರಿಯುವ ಬಗೆ ಯಾವುದು? ಈ ಪಾಠದ ವಿಷಯ ಅದೇ.

ಮೇಲಿನ ಅಂತರಗಳನ್ನು ತಿಳಿಸಿದುದು ಕ್ಷ-ಕಿರಣಗಳ ವಿವರ್ತನೆ. 1913ರಲ್ಲಿ ತಂದೆ ಮಕ್ಕಳಾದ ಬ್ರಾಗ್‌ರು ವಜ್ರದ ರಚನೆಯನ್ನೂ, 1924ರಲ್ಲಿ ಬರ್ನಾಲ್ ಗ್ರಾಫೈಟಿನ ರಚನೆಯನ್ನೂ ಹೀಗೆಯೇ ಕಂಡುಕೊಂಡರು. ಆದರೆ ವಿವರ್ತನೆಗೆ ಕ್ರಮಬದ್ಧವಾದ ಜೋಡಣೆ ಬೇಕು. ಸೈನಿಕರು ಸಾಲಾಗಿ ನಿಂತಾಗ ಎಣಿಸುವುದು ಸುಲಭ. ಜಾತ್ರೆಯ ಜನವನ್ನು ಎಣಿಸುವುದು ಕಷ್ಟ. ಇದ್ದಿಲು, ಮಸಿ, ಕಲ್ಲಿದ್ದಲುಗಳು ಜಾತ್ರೆಯ ಗುಂಪಿನಂತಹವು. ಇವುಗಳ ಮೇಲೆ ವಿವರ್ತನೆಯಿಂದಲೇ ಅದ್ಭುತವಾದ ಕೆಲಸ ಮಾಡಿದವರು ರೋಸಲಿಂಡ್ ಫ್ರಾಂಕ್ಲಿನ್, ಡಿ.ಎನ್.ಎ. ಚಿತ್ರದಿಂದ ಇಂದು ಹೆಸರಾಗಿರುವ ಆಕೆಯೇ. ಕೆಲವು ಇದ್ದಿಲುಗಳು ಕಾಯಿಸಿದಂತೆ ಗ್ರಾಫೈಟಾಗುತ್ತವೆ, ಮತ್ತೆ ಕೆಲವು 3000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೂ ಆಗುವುದಿಲ್ಲ ಎಂದು ಆಕೆ 1951ರಲ್ಲಿ ತೋರಿಸಿದರು. ಸಕ್ಕರೆಯ ಇದ್ದಿಲು ಎರಡನೆಯ ಬಗೆಯದು. ಪದರಗಳ ಜೋಡಣೆಯನ್ನು ಆಕೆ ಅಳೆದರು. ಆದರೆ ಪದರದ ಅಂಚಿನಲ್ಲಿ ಆಮ್ಲಜನಕವು ಯಾವ ಬಂಧದಿಂದ ಅಂಟಿಕೊಂಡಿದೆ ಎಂಬುದನ್ನು ಹೇಳಲು ವಿವರ್ತನೆಗೆ ಶಕ್ತಿ ಸಾಲದು. ಅದಕ್ಕೆ ರೋಹಿತವೇ ಬೇಕು.

ರೋಹಿತ ಎಂದೊಡನೆ ವಿದ್ಯಾರ್ಥಿಗಳಿಗೆ ಪಟ್ಟಕದಿಂದ ಹೊರಟ ಏಳು ಬಣ್ಣಗಳು ನೆನಪಾಗುವುವು. ಇಲ್ಲಿ ಬಣ್ಣಗಳನ್ನು ವಿಂಗಡಿಸುವುದಿಲ್ಲ, ಎಲೆಕ್ಟ್ರಾನುಗಳನ್ನು ಅವುಗಳ ಶಕ್ತಿಗೆ ಅನುಗುಣವಾಗಿ ವಿಂಗಡಿಸುತ್ತೇವೆ. ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಹೊರಚಿಮ್ಮುವ ದ್ಯುತಿವಿದ್ಯುತ್ ಪರಿಣಾಮವನ್ನು 1905ರಲ್ಲಿ ಐನ್‌ಸ್ಟೈನ್ ವಿವರಿಸಿದರು. ಬೆಳಕಿನ ಒಂದು ಕಣವು ತನ್ನ ಶಕ್ತಿಯನ್ನೆಲ್ಲ ಒಂದು ಎಲೆಕ್ಟ್ರಾನಿಗೆ ಕೊಡುತ್ತದೆ. ಬಂಧನದಿಂದ ಬಿಡಿಸಿಕೊಳ್ಳಲು ವ್ಯಯವಾದುದನ್ನು ಕಳೆದು ಉಳಿದ ಶಕ್ತಿಯೊಡನೆ ಎಲೆಕ್ಟ್ರಾನು ಹೊರಬರುತ್ತದೆ. ಬಾವಿಗೆ ಕೊಡ ಇಳಿಸುವವರಿಗೆ ಈ ಲೆಕ್ಕ ಹೊಸದಲ್ಲ. ಹಗ್ಗದ ಒಟ್ಟು ಉದ್ದ ಗೊತ್ತಿದ್ದು, ಕೊಡ ನೀರು ಮುಟ್ಟಿದಾಗ ಕೈಯಲ್ಲಿ ಉಳಿದ ಹಗ್ಗವನ್ನು ಅಳೆದರೆ, ಬಾವಿಯಲ್ಲಿ ಇಳಿದು ನೋಡದೆಯೇ ನೀರಿನ ಆಳ ತಿಳಿಯುತ್ತದೆ.

ಒಂದು ಲೆಕ್ಕವನ್ನೇ ಮಾಡಿ ನೋಡೋಣ. ಅಲ್ಯೂಮಿನಿಯಂ ಲೋಹದಿಂದ ಪಡೆದ ಕ್ಷ-ಕಿರಣದ ಒಂದು ಕಣದ ಶಕ್ತಿ 1486.6 ಎಲೆಕ್ಟ್ರಾನ್ ವೋಲ್ಟ್. ಇದನ್ನು ಗ್ರಾಫೈಟಿನ ಮೇಲೆ ಹಾಯಿಸಿದಾಗ ಹೊರಬಂದ ಎಲೆಕ್ಟ್ರಾನುಗಳಲ್ಲಿ ಒಂದು ಗುಂಪಿನ ಚಲನಶಕ್ತಿ 1197.7 ಎಲೆಕ್ಟ್ರಾನ್ ವೋಲ್ಟ್ ಎಂದು ಉಪಕರಣ ತೋರಿಸಿತೆನ್ನಿ. ಉಪಕರಣದ ಕಾರ್ಯಫಲನ, ಅಂದರೆ ಲೋಹದ ಮೇಲ್ಮೈಯನ್ನು ದಾಟಲು ತೆರಬೇಕಾದ ಸುಂಕ, 4.5 ಇರಲಿ. 1486.6ರಿಂದ 1197.7ನ್ನೂ 4.5ನ್ನೂ ಕಳೆದರೆ ಉಳಿಯುವುದು 284.4. ಇದೇ ಇಂಗಾಲದ ಅತ್ಯಂತ ಒಳಗಿನ, 1ಎಸ್ ಎಂದು ಕರೆಯಲಾಗುವ ಕವಚದ ಎಲೆಕ್ಟ್ರಾನಿನ ಬಂಧನ ಶಕ್ತಿ. ಆಮ್ಲಜನಕಕ್ಕೆ ಇದೇ ಕವಚದಲ್ಲಿ ಸುಮಾರು 532, ಸಾರಜನಕಕ್ಕೆ ಸುಮಾರು 400. ಧಾತುಧಾತುವಿಗೂ ಬಾವಿಯ ಆಳ ಬೇರೆ. ಆದುದರಿಂದ ಯಾವ ಧಾತುವೆಂಬುದನ್ನು ಗುರುತಿಸುವಲ್ಲಿ ಸಂದೇಹವೇ ಇಲ್ಲ. ಜಲಜನಕಕ್ಕೆ ಮಾತ್ರ ಒಳಕವಚವೆಂಬುದೇ ಇಲ್ಲವಾದ್ದರಿಂದ ಅದು ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಇಂಗಾಲದ ಅಭ್ಯಾಸಿಗೆ ಇದು ಸಣ್ಣ ಕೊರತೆಯಲ್ಲ.

ಇಷ್ಟೇ ಆಗಿದ್ದರೆ ಇದು ಧಾತುಗಳ ಪಟ್ಟಿ ಮಾಡುವ ಯಂತ್ರವಾಗಿ ಉಳಿಯುತ್ತಿತ್ತು. ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾನಿಲಯದ ಕಾಯ್ ಸೀಗ್‌ಬಾನ್ ಅವರು ಇದನ್ನು ರಸಾಯನಶಾಸ್ತ್ರದ ಸಾಧನವನ್ನಾಗಿ ಮಾಡಿದರು. ಅವರ ತಂದೆ ಮಾನ್ನೆ ಸೀಗ್‌ಬಾನ್ ಕ್ಷ-ಕಿರಣ ರೋಹಿತಕ್ಕಾಗಿಯೇ 1924ರ ನೊಬೆಲ್ ಪಾರಿತೋಷಕ ಪಡೆದವರು. ಮಗನಿಗೆ 1981ರಲ್ಲಿ ಅದೇ ಗೌರವ ಸಂದಿತು. ಎಲೆಕ್ಟ್ರಾನುಗಳ ಶಕ್ತಿಯನ್ನು ಹಿಂದೆಂದೂ ಇಲ್ಲದ ಸೂಕ್ಷ್ಮತೆಯಿಂದ ಅಳೆಯತೊಡಗಿದಾಗ, ಒಂದೇ ಧಾತುವಿನ ಶಿಖರವು ಎಲ್ಲ ಸಂಯುಕ್ತಗಳಲ್ಲಿ ಒಂದೇ ಸ್ಥಾನದಲ್ಲಿ ನಿಲ್ಲುವುದಿಲ್ಲವೆಂಬುದು ಕಂಡುಬಂದಿತು. ಸೋಡಿಯಂ ಥಯೊಸಲ್ಫೇಟಿನಲ್ಲಿ ಗಂಧಕದ ಎರಡು ಪರಮಾಣುಗಳಿವೆ. ಒಂದು ನಡುವೆ, ಒಂದು ಅಂಚಿನಲ್ಲಿ. ರೋಹಿತದಲ್ಲಿ ಅವೆರಡೂ ಬೇರೆಬೇರೆಯಾಗಿ ನಿಂತುವು. ಇದೇ ರಾಸಾಯನಿಕ ಪಲ್ಲಟ.

ಇಂಗಾಲಕ್ಕೆ ಸಂಬಂಧಿಸಿದ ಉದಾಹರಣೆಯು ಇನ್ನೂ ಚೆಲುವಾದುದು. ಈಥೈಲ್ ಟ್ರೈಫ್ಲೂರೊಅಸಿಟೇಟ್ ಎಂಬ ದ್ರವದ ಅಣುವಿನಲ್ಲಿ ನಾಲ್ಕು ಇಂಗಾಲಗಳಿವೆ. ಒಂದಕ್ಕೆ ಮೂರು ಫ್ಲೂರೀನ್ ಅಂಟಿವೆ, ಮತ್ತೊಂದಕ್ಕೆ ಎರಡು ಆಮ್ಲಜನಕ, ಮೂರನೆಯದಕ್ಕೆ ಒಂದು ಆಮ್ಲಜನಕ, ನಾಲ್ಕನೆಯದಕ್ಕೆ ಇಂಗಾಲ ಮತ್ತು ಜಲಜನಕಗಳಷ್ಟೇ. ರೋಹಿತದಲ್ಲಿ ಕಂಡುದು ಬಿಡಿಬಿಡಿಯಾದ ನಾಲ್ಕು ಶಿಖರಗಳು! ಮೊದಲನೆಯದಕ್ಕೂ ಕಡೆಯದಕ್ಕೂ 7 ಎಲೆಕ್ಟ್ರಾನ್ ವೋಲ್ಟಿಗೂ ಮಿಕ್ಕಿದ ಅಂತರ. ಕಾರಣ ಸರಳವಾದುದು. ಫ್ಲೂರೀನ್ ಮತ್ತು ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವ ಸ್ವಭಾವದವು. ಹೊರಗಿನ ಎಲೆಕ್ಟ್ರಾನುಗಳನ್ನು ನೆರೆಯವನು ಸೆಳೆದುಕೊಂಡಾಗ, ಇಂಗಾಲದ ಬೀಜವು ಒಳಗಿನವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಳಕವಚದ ಎಲೆಕ್ಟ್ರಾನು ಯಾವ ಬಂಧದಲ್ಲಿಯೂ ಪಾಲುಗೊಂಡುದಲ್ಲ. ಆದರೂ ಬಂಧಗಳ ಸುದ್ದಿಯನ್ನು ಹೊರಗೆ ತರುವ ದೂತ ಅದೇ.

ಹೀಗೆ ಒಂದು ಕೈಪಿಡಿಯೇ ಸಿದ್ಧವಾಯಿತು. ಗ್ರಾಫೈಟಿನ ಇಂಗಾಲ 284.4ರ ಆಸುಪಾಸು; ಒಂದು ಆಮ್ಲಜನಕದೊಡನೆ ಒಂಟಿ ಬಂಧವಿದ್ದರೆ 286ಕ್ಕೆ ತುಸು ಮೇಲೆ; ಜೋಡಿ ಬಂಧವಿದ್ದರೆ 288ರ ಹತ್ತಿರ; ಆಮ್ಲದ ಗುಂಪಿನಲ್ಲಿದ್ದರೆ 289; ಟೆಫ್ಲಾನಿನಲ್ಲಿ ಎರಡು ಫ್ಲೂರೀನಿನ ಸಂಗಡವಿದ್ದರೆ 292ರ ಬಳಿ. ಇದಕ್ಕೆ ಪ್ರತಿಯಾಗಿ ಲೋಹದೊಡನೆ ಕೂಡಿ ಕಾರ್ಬೈಡಾದ ಇಂಗಾಲಕ್ಕೆ ಎಲೆಕ್ಟ್ರಾನುಗಳು ದಕ್ಕುವುದರಿಂದ ಅದರ ಶಿಖರ 284ಕ್ಕಿಂತ ಕೆಳಗಿಳಿಯುತ್ತದೆ.

ಕೈಪಿಡಿಯ ಉಪಯೋಗ ಹೇಗೆಂಬುದಕ್ಕೆ ಗ್ರಾಫೈಟು ಆಕ್ಸೈಡಿನ ಪ್ರಕರಣವನ್ನು ನೋಡಬಹುದು. ಗ್ರಾಫೈಟನ್ನು ಪ್ರಬಲ ಆಮ್ಲ ಮತ್ತು ಉತ್ಕರ್ಷಕಗಳಲ್ಲಿ ನೆನೆಸಿ ಕಂದು ಬಣ್ಣದ ಈ ವಸ್ತುವನ್ನು ಮೊದಲು ತಯಾರಿಸಿದವನು ಬ್ರೋಡಿ, 1859ರಲ್ಲಿ. 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಎಂಬವರು ಪರ್ಮಾಂಗನೇಟನ್ನು ಬಳಸುವ ಶೀಘ್ರವಾದ ಕ್ರಮವನ್ನು ಕೊಟ್ಟರು. ಬಹುಕಾಲ ಇದು ಪ್ರಯೋಗಶಾಲೆಯ ಒಂದು ವಿಚಿತ್ರ ವಸ್ತುವಾಗಿ ಬಿದ್ದಿತ್ತು. 2004ರಲ್ಲಿ ಗೀಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಒಂಟಿ ಪದರವನ್ನು, ಅಂದರೆ ಗ್ರಾಫೀನನ್ನು, ಬಿಡಿಸಿ ಅದರ ಗುಣಗಳನ್ನು ಪ್ರಕಟಿಸಿದ ಮೇಲೆ ಇದಕ್ಕೂ ಬೆಲೆ ಬಂದಿತು. ಆಕ್ಸೈಡು ನೀರಿನಲ್ಲಿ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಅನಂತರ ಆಮ್ಲಜನಕವನ್ನು ತೆಗೆದರೆ ಗ್ರಾಫೀನ್ ರಾಶಿರಾಶಿಯಾಗಿ ದೊರೆಯಬೇಕಲ್ಲವೆ ಎಂಬುದು ಆಲೋಚನೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ ಇಂಗಾಲದ ನಳಿಗೆಗಳ ಮೇಲೆಯೂ ಗ್ರಾಫೀನಿನ ಮೇಲೆಯೂ ಮಾಡಿದ ಕೆಲಸವು ನಮ್ಮ ನಾಡಿನವರಿಗೆ ಪರಿಚಿತವಾದುದೇ.

ಆಕ್ಸೈಡಿನ ರೋಹಿತದಲ್ಲಿ ಎರಡು ದೊಡ್ಡ ಶಿಖರಗಳು ಅಕ್ಕಪಕ್ಕದಲ್ಲಿ ಏಳುತ್ತವೆ. ಒಂದು 285ರ ಹತ್ತಿರ, ಇಂಗಾಲವು ಇಂಗಾಲದೊಡನೆ ಇರುವುದು. ಮತ್ತೊಂದು 287ರ ಹತ್ತಿರ, ಆಮ್ಲಜನಕದೊಡನೆ ಇರುವುದು. ಹೈಡ್ರಜೀನಿನಿಂದ ಅಪಕರ್ಷಿಸಿದಾಗ ಕಂದು ವಸ್ತು ಕಪ್ಪಾಗುತ್ತದೆ, ಅವಾಹಕವು ವಾಹಕವಾಗುತ್ತದೆ, ಎರಡನೆಯ ಶಿಖರ ಕುಗ್ಗುತ್ತದೆ. ಆಮ್ಲಜನಕದ ಒಂದು ಪರಮಾಣುವಿಗೆ ಎರಡು ಮೂರು ಇಂಗಾಲಗಳಿದ್ದಲ್ಲಿ ಈಗ ಹತ್ತರಷ್ಟು. ಕುಗ್ಗುತ್ತದೆ ಎಂದೆನೇ ಹೊರತು ಇಲ್ಲವಾಗುತ್ತದೆ ಎನ್ನಲಿಲ್ಲ. ಅಷ್ಟೇ ಅಲ್ಲ, ಹಿಂದೆ ಬರಿದಾಗಿದ್ದ 400ರ ಬಳಿ ಸಾರಜನಕದ ಸಣ್ಣ ಶಿಖರವೊಂದು ಹೊಸದಾಗಿ ತಲೆಯೆತ್ತುತ್ತದೆ. ಅದು ಹೈಡ್ರಜೀನಿನಿಂದ ಬಂದ ಸಾರಜನಕ. ತೊಳೆಯಲು ತಂದ ಸಾಬೂನೇ ಬಟ್ಟೆಗೆ ಹತ್ತಿಕೊಂಡಂತಾಯಿತು. ಕೈಗೆ ಬಂದುದು ಶುದ್ಧ ಗ್ರಾಫೀನಲ್ಲ, ಅದಕ್ಕೆ ಸಮೀಪವಾದ ಬೇರೊಂದು ವಸ್ತು. ಕಣ್ಣಿಗೆ ಎರಡೂ ಕಪ್ಪೇ. ರೋಹಿತವಿಲ್ಲದಿದ್ದರೆ ಈ ಭೇದವನ್ನು ಕಾಣುವುದು ಸುಲಭವಾಗಿರಲಿಲ್ಲ.

ಇಲ್ಲಿಯವರೆಗೆ ಹೇಳಿದುದನ್ನು ಓದಿದವರಿಗೆ ಈ ವಿಧಾನ ಸುಲಭವೆನಿಸಬಹುದು. ಇನ್ನು ಕಷ್ಟದ ಭಾಗಕ್ಕೆ ಬರೋಣ. ಲೇಖಕನ ಮಟ್ಟಿಗೆ ಈ ಶಾಸ್ತ್ರದ ಸ್ವಾರಸ್ಯವಿರುವುದೂ ಅಲ್ಲಿಯೇ. ಶಿಖರಗಳು ಪುಸ್ತಕದಲ್ಲಿ ಬರೆದಂತೆ ಬಿಡಿಬಿಡಿಯಾಗಿ ನಿಲ್ಲುವುದು ಅಪರೂಪ. ಅವು ಒಂದರ ಮೇಲೊಂದು ಒರಗಿ ಒಂದೇ ದಿಬ್ಬವಾಗುತ್ತವೆ. ಆ ದಿಬ್ಬದೊಳಗೆ ಯಾವ ಯಾವ ಶಿಖರಗಳು ಅಡಗಿವೆಯೆಂದು ಗಣಕಯಂತ್ರದಿಂದ ಬಿಡಿಸಬೇಕು. ಐದಾರು ವಕ್ರರೇಖೆಗಳನ್ನು ಕೈಗೆ ಕೊಟ್ಟರೆ ಯಾವ ದಿಬ್ಬವನ್ನಾದರೂ ತುಂಬಿಬಿಡಬಹುದು, ತುಂಬಿದುದೆಲ್ಲ ನಿಜವಾಗಬೇಕೆಂದಿಲ್ಲ. ಉದಾಹರಣೆಗೆ, ವಿದ್ಯುತ್ತನ್ನು ಒಯ್ಯುವ ಗ್ರಾಫೈಟಿನ ಶಿಖರವು ಎರಡು ಕಡೆಯೂ ಸಮನಾಗಿರುವುದಿಲ್ಲ. ಹೆಚ್ಚಿನ ಬಂಧನ ಶಕ್ತಿಯ ಕಡೆಗೆ ಅದಕ್ಕೊಂದು ನೀಳವಾದ ಬಾಲವಿದೆ. ಎಲೆಕ್ಟ್ರಾನು ಹೊರಡುವಾಗ ಅಲ್ಲಿ ತಿರುಗಾಡುವ ಇತರ ಎಲೆಕ್ಟ್ರಾನುಗಳು ಅದರಿಂದ ಚೂರುಪಾರು ಶಕ್ತಿಯನ್ನು ಕಸಿದುಕೊಳ್ಳುವುದೇ ಇದಕ್ಕೆ ಕಾರಣ. ಇನ್ನೂ ಮುಂದೆ, 291ರ ಸುತ್ತ, ಪದರಗಳ ಎಲೆಕ್ಟ್ರಾನುಗಳು ಒಮ್ಮೆಗೇ ಮೇಲೆದ್ದುದರಿಂದಾದ ಒಂದು ಕಿರಿಯ ಉಬ್ಬೂ ಇದೆ. ಇದನ್ನರಿಯದೆ ಸಮರೂಪದ ರೇಖೆಯನ್ನು ಹಾಕಿದವನು, ಮಿಕ್ಕ ಬಾಲವನ್ನು ತುಂಬಲು ಒಂಟಿ ಬಂಧದ ಆಮ್ಲಜನಕ, ಜೋಡಿ ಬಂಧದ ಆಮ್ಲಜನಕ, ಆಮ್ಲದ ಗುಂಪು ಎಂದು ಇಲ್ಲದ ರಸಾಯನವನ್ನೆಲ್ಲ ಶುದ್ಧ ಗ್ರಾಫೈಟಿನಲ್ಲಿ ಕಾಣುತ್ತಾನೆ. ತಪ್ಪನ್ನು ಹಿಡಿಯಲು ಉಪಾಯ ಬಲು ಸುಲಭ. 532ರ ಬಳಿ ಹೋಗಿ ಆಮ್ಲಜನಕದ ಸ್ವಂತ ಶಿಖರವನ್ನು ಅಳೆಯಬೇಕು. ಇಂಗಾಲದ ಸಾಕ್ಷಿಯಂತೆ ಇರಬೇಕಾದಷ್ಟು ಆಮ್ಲಜನಕ ಅಲ್ಲಿ ಇಲ್ಲದಿದ್ದರೆ ಸಾಕ್ಷಿ ಸುಳ್ಳು.

ಇದಕ್ಕಿಂತ ಆಳವಾದ ತೊಡಕು ಅಳತೆಗೋಲಿನದೇ. ಅವಾಹಕ ವಸ್ತುವಿನಿಂದ ಎಲೆಕ್ಟ್ರಾನುಗಳು ಹೊರಟುಹೋದಂತೆ ಅದರ ಮೇಲೆ ಧನ ವಿದ್ಯುದಾವೇಶ ಸೇರಿ, ಶಿಖರಗಳೆಲ್ಲ ಒಟ್ಟಾಗಿ ಸರಿಯುತ್ತವೆ. ಸರಿದುದು ಎಷ್ಟೆಂದು ತಿಳಿಯಲು ಗೊತ್ತಾದ ಒಂದು ಗುರುತು ಬೇಕು. ಗಾಳಿಗೆ ತೆರೆದ ಯಾವ ವಸ್ತುವಿನ ಮೇಲಾದರೂ ಇಂಗಾಲದ ಸಂಯುಕ್ತಗಳ ತೆಳುವಾದ ಕೊಳೆ ಕೂಡುತ್ತದೆ. ಚಿನ್ನವಾಗಲಿ, ಗಾಜಾಗಲಿ ಇದಕ್ಕೆ ಹೊರತಲ್ಲ. ಹೊರಬರುವ ಎಲೆಕ್ಟ್ರಾನುಗಳು ಮೇಲಿನ ಕೆಲವೇ ನ್ಯಾನೊಮೀಟರ್ ದಪ್ಪದಿಂದ ಬರುವಂತಹವಾದ್ದರಿಂದ ಈ ಕೊಳೆ ರೋಹಿತದಲ್ಲಿ ಎದ್ದು ಕಾಣುತ್ತದೆ. ಅದನ್ನೇ ಗುರುತಾಗಿ ಮಾಡಿಕೊಂಡರೆ ಹೇಗೆ? ಸೀಗ್‌ಬಾನರ ಕಾಲದಿಂದ ನಡೆದುಬಂದ ಪದ್ಧತಿ ಇದೇ. ಕೊಳೆಯ ಇಂಗಾಲದ ಶಿಖರವನ್ನು 284.8 ಎಂದು, ಕೆಲವರು 285.0 ಎಂದು, ಇಟ್ಟುಕೊಂಡು ಉಳಿದುದೆಲ್ಲವನ್ನೂ ಅದರಿಂದ ಅಳೆದರು.

ಆ ಕೊಳೆ ಎಲ್ಲೆಡೆಯೂ ಒಂದೇ ಆಗಿದೆಯೇ? ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾನಿಲಯದ ಗ್ರೆಚಿನ್‌ಸ್ಕಿ ಮತ್ತು ಹಲ್ಟ್‌ಮನ್ ಎಂಬವರು ವಿದ್ಯುದ್ವಾಹಕವಾದ ಅನೇಕ ಪೊರೆಗಳ ಮೇಲೆ ಇದನ್ನು ಪರೀಕ್ಷಿಸಿ 2017ರಿಂದೀಚೆಗೆ ಪ್ರಕಟಿಸಿದರು. ವಾಹಕಗಳಾದ್ದರಿಂದ ಅಲ್ಲಿ ಆವೇಶ ಸೇರುವ ಪ್ರಶ್ನೆಯಿಲ್ಲ. ಶಿಖರ ಒಂದೇ ಕಡೆ ನಿಲ್ಲಬೇಕು. ಅದು 284.1ರಿಂದ 286.7ರವರೆಗೆ ಅಲೆದಾಡಿತು. ಎರಡೂವರೆ ಎಲೆಕ್ಟ್ರಾನ್ ವೋಲ್ಟಿನ ಅಲೆದಾಟ! ಇಂಗಾಲಕ್ಕೆ ಆಮ್ಲಜನಕ ಸೇರಿದ ಸುದ್ದಿಯನ್ನು ನಾವು ಓದುವುದೇ ಒಂದೂವರೆ ಎರಡು ವೋಲ್ಟಿನ ಪಲ್ಲಟದಿಂದ ಎಂಬುದನ್ನು ವಾಚಕರು ಮರೆಯಬಾರದು. ಅಲೆದಾಟದಲ್ಲಿಯೂ ಒಂದು ಕ್ರಮವಿತ್ತೆನ್ನುವುದು ಸಮಾಧಾನ. ಶಿಖರದ ಸ್ಥಾನಕ್ಕೆ ಆ ಮೇಲ್ಮೈಯ ಕಾರ್ಯಫಲನವನ್ನು ಕೂಡಿಸಿದರೆ ಮೊತ್ತ ಸುಮಾರು 289.6ರಲ್ಲಿ ಸ್ಥಿರವಾಗಿ ನಿಂತಿತು. ಕೊಳೆಯು ಕೆಳಗಿನ ವಸ್ತುವಿನೊಡನೆ ಗಟ್ಟಿಯಾಗಿ ಬೆಸೆದುಕೊಳ್ಳದೆ ಸುಮ್ಮನೆ ಮೇಲೆ ಕುಳಿತಿದೆ ಎಂಬುದೇ ಇದರ ಅರ್ಥ. ಆದುದರಿಂದ ಕಾರ್ಯಫಲನವನ್ನೂ ಅಳೆದು ಹೇಳಿದವರ ಅಂಕಿಗಳಿಗೆ ಬೆಲೆ ಕೊಡಬಹುದು. ‘284.8ಕ್ಕೆ ಸರಿಪಡಿಸಿದೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದವರ ಅಂಕಿಗಳನ್ನು, ದಶಾಂಶದ ಮುಂದೆ ಎಷ್ಟೇ ಸ್ಥಾನಗಳಿರಲಿ, ಸಂದೇಹದಿಂದಲೇ ನೋಡಬೇಕಾಗಿದೆ.

ನಾವು ಅಭ್ಯಾಸ ಮಾಡುವ ವಸ್ತುವೇ ಇಂಗಾಲವಾದರಂತೂ ಪೇಚು ಇಮ್ಮಡಿ. ಶಿಖರದಲ್ಲಿ ಕೊಳೆಯ ಪಾಲೆಷ್ಟು, ವಸ್ತುವಿನ ಪಾಲೆಷ್ಟು? ಗ್ರಾಫೈಟಾದರೆ ಅಂಟುಪಟ್ಟಿಯಿಂದ ಮೇಲಿನ ಪದರವನ್ನು ಕಿತ್ತು ಒಡನೆ ನಿರ್ವಾತಕ್ಕೆ ಸೇರಿಸಬಹುದು. ವಜ್ರವನ್ನು ಹಾಗೆ ಕೀಳಲಾಗದು. ಆರ್ಗಾನ್ ಅಯಾನುಗಳಿಂದ ಉಜ್ಜಿ ತೊಳೆಯಹೋದರೆ ವಜ್ರದ ಮೇಲ್ಮೈಯ ನಾಲ್ಕು ಬಂಧಗಳು ಮುರಿದು ಅದು ಗ್ರಾಫೈಟಿನ ಲಕ್ಷಣವನ್ನು ತಾಳುತ್ತದೆ. ಶುದ್ಧಿಕಾರ್ಯವೇ ಸಾಕ್ಷ್ಯವನ್ನು ಅಳಿಸಿಬಿಡುತ್ತದೆ. ವಜ್ರದ ಬಂಧಕ್ಕೂ ಗ್ರಾಫೈಟಿನ ಬಂಧಕ್ಕೂ ಇರುವ ಪಲ್ಲಟವೋ ಒಂದು ಎಲೆಕ್ಟ್ರಾನ್ ವೋಲ್ಟಿಗೂ ಕಡಿಮೆ. ಎರಡೂ ಬೆರೆತ ಗಟ್ಟಿ ಇಂಗಾಲದ ಲೇಪನಗಳಲ್ಲಿ ಯಾವುದು ಎಷ್ಟೆಂದು ಈ ಒಂದೇ ರೋಹಿತದಿಂದ ತೀರ್ಮಾನಿಸುವುದು ಸಾಹಸವೇ ಸರಿ.

ಇಲ್ಲಿ ನೆರವಿಗೆ ಬರುವುದು ಹೀರಿಕೆಯ ರೋಹಿತ. ಎಲೆಕ್ಟ್ರಾನನ್ನು ಹೊರಗೆಸೆಯುವ ಬದಲು, ಒಳಕವಚದಿಂದ ಎತ್ತಿ ಅದೇ ವಸ್ತುವಿನ ಖಾಲಿ ಸ್ಥಾನದಲ್ಲಿ ಕುಳ್ಳಿರಿಸುವುದು ಇದರ ತತ್ತ್ವ. ಕಿರಣದ ಶಕ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ, ಎಲ್ಲಿ ಅದು ಹೆಚ್ಚಾಗಿ ಹೀರಲ್ಪಡುತ್ತದೆಯೆಂದು ನೋಡುತ್ತಾರೆ. ಗ್ರಾಫೈಟಿನಲ್ಲಿ ಪದರದ ಮೇಲೆ ಕೆಳಗೆ ಹರಡಿದ ಪೈ ಬಂಧಕ್ಕೆ ಸೇರಿದ ಖಾಲಿ ಸ್ಥಾನವೊಂದಿದೆ, 285.4 ಎಲೆಕ್ಟ್ರಾನ್ ವೋಲ್ಟಿನಲ್ಲಿ ಚೂಪಾದ ಶಿಖರವೊಂದು ಏಳುತ್ತದೆ. ವಜ್ರದಲ್ಲಿ ಪೈ ಬಂಧವೇ ಇಲ್ಲ. ಅದರ ರೋಹಿತ 285ರಲ್ಲಿ ಚಪ್ಪಟೆಯಾಗಿದ್ದು 289ರ ಬಳಿ ಮಾತ್ರ ಥಟ್ಟನೆ ಮೇಲೇರುತ್ತದೆ. ಒಂದು ವೋಲ್ಟಿಗೂ ಕಡಿಮೆಯ ಭೇದಕ್ಕಾಗಿ ತಡಕಾಡಬೇಕಾಗಿದ್ದಲ್ಲಿ ಈಗ ‘ಇದೆ, ಇಲ್ಲ’ ಎಂಬ ನೇರವಾದ ಉತ್ತರ. ಇದಲ್ಲದೆ ಕಿರಣವನ್ನು ಓರೆಯಾಗಿ ಬಿಟ್ಟರೆ ಗ್ರಾಫೈಟಿನ ಪೈ ಶಿಖರ ಬೆಳೆಯುತ್ತದೆ, ನೇರವಾಗಿ ಬಿಟ್ಟರೆ ಕುಗ್ಗುತ್ತದೆ. ಪದರಗಳು ಯಾವ ಕಡೆಗೆ ಮಲಗಿವೆಯೆಂಬುದೂ ಹೀಗೆ ತಿಳಿಯುತ್ತದೆ. ಮಸಿಯಲ್ಲಿ ಹೇಗೆ ತಿರುಗಿಸಿದರೂ ಶಿಖರ ಬದಲಾಗದು. ಅಲ್ಲಿ ಪದರಗಳ ತುಣುಕುಗಳು ಎಲ್ಲ ದಿಕ್ಕಿಗೂ ಚೆದರಿಕೊಂಡಿವೆ.

ಬೇಕಾದ ಶಕ್ತಿಯ ಕಿರಣವನ್ನು ಆರಿಸಿಕೊಳ್ಳಲು ಸಾಮಾನ್ಯ ಕ್ಷ-ಕಿರಣ ನಳಿಗೆ ಸಾಲದು, ಸಿಂಕ್ರೊಟ್ರಾನ್ ಬೇಕು. ನಮ್ಮ ದೇಶದಲ್ಲಿ ಇಂದೋರಿನ ರಾಜಾ ರಾಮಣ್ಣ ಕೇಂದ್ರದಲ್ಲಿ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ. ಸುತ್ತಳತೆ 172.5 ಮೀಟರ್, ಅದರೊಳಗೆ ಸುತ್ತುವ ಎಲೆಕ್ಟ್ರಾನುಗಳ ಶಕ್ತಿ 250 ಕೋಟಿ ಎಲೆಕ್ಟ್ರಾನ್ ವೋಲ್ಟ್. ಆ ಕೇಂದ್ರಕ್ಕೆ ಹೆಸರು ಕೊಟ್ಟ ರಾಜಾ ರಾಮಣ್ಣನವರು ಹುಟ್ಟಿದುದು ನಮ್ಮ ತುಮಕೂರಿನಲ್ಲಿ.

ಸಿಂಕ್ರೊಟ್ರಾನಿಗೆ ಹೋದರೂ ಕೊಳೆ ನಮ್ಮನ್ನು ಬಿಡುವುದಿಲ್ಲ. ಕಿರಣವನ್ನು ತಿರುಗಿಸಿ ತರುವ ಕನ್ನಡಿಗಳು ನಿರ್ವಾತದಲ್ಲಿಯೇ ಇದ್ದರೂ, ಅಳಿದುಳಿದ ಅನಿಲದ ಅಣುಗಳನ್ನು ಕಿರಣವೇ ಒಡೆದು ಕನ್ನಡಿಯ ಮೇಲೆ ವರ್ಷಗಳು ಕಳೆದಂತೆ ಕಪ್ಪು ಪೊರೆಯನ್ನು ಕಟ್ಟುತ್ತದೆ. ಅದೂ ಇಂಗಾಲವೇ! ಆದುದರಿಂದ ವಸ್ತುವನ್ನು ತಲುಪುವ ಮುನ್ನವೇ ಕಿರಣವು ಸರಿಯಾಗಿ 285ರಲ್ಲಿ ಕ್ಷೀಣಿಸಿರುತ್ತದೆ. ಕನ್ನಡಿಯ ಮಸಿಯ ರೋಹಿತವು ವಸ್ತುವಿನ ರೋಹಿತದ ಮೇಲೆ ತನ್ನ ಮುದ್ರೆಯನ್ನು ಒತ್ತಿರುತ್ತದೆ. ಇದನ್ನು ಕಳೆಯಲು, ಬರುವ ಕಿರಣದ ತೀಕ್ಷ್ಣತೆಯನ್ನು ದಾರಿಯಲ್ಲಿಯೇ ಒಂದು ಚಿನ್ನದ ಬಲೆಯಿಂದ ಅಳೆದು, ವಸ್ತುವಿನ ಅಳತೆಯನ್ನು ಅದರಿಂದ ಭಾಗಿಸುತ್ತಾರೆ. ಬಲೆಯ ಚಿನ್ನಕ್ಕೂ ಕೊಳೆ ಕೂಡಿದ್ದರೆ ಭಾಗಾಕಾರವೇ ಕೆಡುತ್ತದೆ. ಅದಕ್ಕಾಗಿ ಎಚ್ಚರಿಕೆಯುಳ್ಳ ಪ್ರಯೋಗಕಾರರು ಅಳತೆಗೆ ತೊಡಗುವ ಮುನ್ನ ನಿರ್ವಾತದೊಳಗೇ ಚಿನ್ನವನ್ನು ಆವಿಮಾಡಿ, ಬಲೆಗೆ ಹೊಸ ಲೇಪ ಕೊಟ್ಟು, ಅದರ ಮೇಲೆ ಇಂಗಾಲದ ಸುಳಿವಿಲ್ಲವೆಂಬುದನ್ನು ನೋಡಿಕೊಂಡ ಮೇಲೆಯೇ ತಮ್ಮ ವಸ್ತುವನ್ನು ಕಿರಣದ ಮುಂದೆ ಇಡುತ್ತಾರೆ.